ಪೇಟೆ ಬೆಳಕಲ್ಲಿ ನೀಹಾರಿಕೆ ಕಾಣುತ್ತಾ? ಟೆಲಿಸ್ಕೋಪ್ ಫಿಲ್ಟರ್‌ಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಮಗ ಹಠ ಮಾಡಿದ ಅಂತ ಆನ್‌ಲೈನ್‌ನಲ್ಲಿ ಟೆಲಿಸ್ಕೋಪ್ ತರಿಸಿದ್ದಾಯ್ತು. ಚಂದ್ರನ ಕುಳಿ ಕಂಡವು, ಶನಿಯ ಬಳೆ ಕಂಡಿತು. ನೀಹಾರಿಕೆ ಮಾತ್ರ ಒರೆಸಿ ಹಾಕಿದ ಹಾಗೆ ಮಸುಕು. ಅಷ್ಟರಲ್ಲಿ ಮೊಬೈಲ್‌ನಲ್ಲಿ ಜಾಹೀರಾತು: ಈ ಫಿಲ್ಟರ್ ಹಾಕಿದ್ರೆ ಊರೊಳಗಿಂದಲೇ ನೀಹಾರಿಕೆ ನೋಡಬಹುದು. ಇದರಲ್ಲಿ ಅರ್ಧ ನಿಜ. ಉಳಿದರ್ಧ ತಿಳಿಯದೆ ಕೊಂಡರೆ ಕೆಲವು ಸಾವಿರ ರೂಪಾಯಿ ಡಬ್ಬಿಯಲ್ಲೇ ಕೂರುತ್ತೆ.

ಕೆಲವೇ ಬಣ್ಣದ ಬೆಳಕು

ನಕ್ಷತ್ರಗಳ ನಡುವಿನ ಅನಿಲ, ದೂಳಿನ ಮೋಡವೇ ನೀಹಾರಿಕೆ. ಹತ್ತಿರದ ಬಿಸಿ ನಕ್ಷತ್ರದ ನೇರಳಾತೀತ ಕಿರಣ ತಾಗಿದಾಗ ಅನಿಲ ತಾನೇ ಹೊಳೆಯುತ್ತೆ, ಆದರೆ ಕೆಲವೇ ಬಣ್ಣಗಳಲ್ಲಿ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದಾಗ ಕಾಮನಬಿಲ್ಲಿನ ಪಟ್ಟಿ ಬದಲು ಬರೀ ಗೆರೆಗಳು ಕಂಡವು. ಅದರಲ್ಲಿನ ಹಸಿರು ಗೆರೆ ಯಾವುದೋ ಹೊಸ ಮೂಲವಸ್ತುವಿನದು ಅಂತ ಎಷ್ಟೋ ವರ್ಷ ನಂಬಿದ್ದರು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು ಅಂತ 1927ರಲ್ಲಿ ಅಮೆರಿಕದ ಐರಾ ಬೋವೆನ್ ಬಿಡಿಸಿ ಹೇಳಿದರು.

ಆಮ್ಲಜನಕದ ಗೆರೆಗಳು 495.9 ಮತ್ತು 500.7 ನ್ಯಾನೋಮೀಟರ್. ಜಲಜನಕದ ಒಂದು ಗೆರೆ 486.1. ಮೂರೂ ಹತ್ತಿರ ಹತ್ತಿರ. ಫಿಲ್ಟರ್ ಇವಕ್ಕೆ ಮಾತ್ರ ಬಾಗಿಲು ತೆಗೆದು ಉಳಿದದ್ದನ್ನು ತಡೆಯುತ್ತೆ. ಹಾಗಾಗಿ ನೀಹಾರಿಕೆ ಹೆಚ್ಚು ಬೆಳಗೋದಿಲ್ಲ, ಅದರ ಹಿಂದಿನ ಆಕಾಶ ಕಪ್ಪಾಗುತ್ತೆ. ಎದ್ದು ಕಾಣೋದು ಅದಕ್ಕೇ.

ಎಲ್‌ಇಡಿ ಬಂದ ಮೇಲೆ ಕಷ್ಟ

ಹಳೇ ಹಳದಿ ಸೋಡಿಯಂ ದೀಪದ ಬಹುಪಾಲು ಬೆಳಕು ಈ ಬಾಗಿಲಿನಿಂದ ದೂರ, 589 ನ್ಯಾನೋಮೀಟರ್ ಸುತ್ತಮುತ್ತ. ಅಕ್ಕಿಯಲ್ಲಿ ದಪ್ಪ ಕಲ್ಲಿದ್ದಂಗೆ, ಜರಡಿ ಹಿಡಿದರೆ ಬೇರೆಯಾಗುತ್ತೆ. ಬಿಳಿ ಎಲ್‌ಇಡಿಯಲ್ಲಿ ನೀಲಿಯಿಂದ ಕೆಂಪಿನವರೆಗೆ ಎಲ್ಲ ಬಣ್ಣ ಇರುತ್ತೆ. ಅದು ಅಕ್ಕಿಕಾಳಿನ ಗಾತ್ರದ್ದೇ ಕಲ್ಲು, ಒಂದಷ್ಟು ಜರಡಿ ದಾಟಿಯೇ ಬರುತ್ತೆ. ಆದರೂ ಫಿಲ್ಟರ್ ಪೂರ್ತಿ ವ್ಯರ್ಥವಲ್ಲ. ಬಾಗಿಲು ಸಣ್ಣದಿದ್ದಷ್ಟೂ ಒಳಗೆ ನುಗ್ಗುವ ಬೀದಿಬೆಳಕು ಕಡಿಮೆ.

ಯಾವುದು ಯಾರಿಗೆ?

ಯುಎಚ್‌ಸಿ ಫಿಲ್ಟರ್ ಮೂರೂ ಗೆರೆ ಬಿಡುತ್ತೆ. ಸಣ್ಣ ಟೆಲಿಸ್ಕೋಪ್ ಇರುವವರು ಮೊದಲು ಕೊಳ್ಳಬೇಕಾದ್ದು ಇದೇ. ಓ-ತ್ರೀ ಫಿಲ್ಟರ್ ಆಮ್ಲಜನಕದ ಎರಡು ಗೆರೆ ಮಾತ್ರ ಬಿಡುತ್ತೆ; 6 ಇಂಚು, 8 ಇಂಚಿನ ಟೆಲಿಸ್ಕೋಪ್‌ಗೆ ಚೆನ್ನ, ಚಿಕ್ಕದರಲ್ಲಿ ಕತ್ತಲೇ ಜಾಸ್ತಿ. ಎಚ್-ಬೀಟಾ ಫಿಲ್ಟರ್ ಬೆರಳೆಣಿಕೆಯಷ್ಟು ನೀಹಾರಿಕೆಗಳಿಗೆ ಮಾತ್ರ, ಶುರುವಲ್ಲೇ ಬೇಡ.

ಗೆಲಾಕ್ಸಿ, ನಕ್ಷತ್ರ ಗುಚ್ಛ ನೋಡೋರಿಗೆ ಇವುಗಳಿಂದ ಉಪಯೋಗ ಇಲ್ಲ. ಅಲ್ಲಿಂದ ಬರೋದು ನಕ್ಷತ್ರದ ಎಲ್ಲ ಬಣ್ಣದ ಬೆಳಕು, ಜರಡಿ ಅದನ್ನೂ ತಡೆಯುತ್ತೆ. ಈ ಫಿಲ್ಟರ್ ಹಾಕಿಕೊಂಡು ಸೂರ್ಯನನ್ನು ಮಾತ್ರ ಯಾವತ್ತೂ ನೋಡಬೇಡಿ, ಕಣ್ಣೇ ಹೋಗುತ್ತೆ.

ಮನೆ ತಾರಸಿಯಲ್ಲೇ ಪರೀಕ್ಷೆ

ಜನವರಿ, ಫೆಬ್ರವರಿ ರಾತ್ರಿ ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಬರುತ್ತೆ. ಸಾಲಾಗಿರುವ ಮೂರು ಚುಕ್ಕಿ ಅವನ ಸೊಂಟಪಟ್ಟಿ. ಅದರ ಕೆಳಗೆ ನೇತಾಡುವ ಕತ್ತಿಯಲ್ಲಿದೆ ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆ. 20-30 ನಿಮಿಷ ಮೊಬೈಲ್ ಮುಟ್ಟದೆ ಕಣ್ಣನ್ನು ಕತ್ತಲಿಗೆ ಹೊಂದಿಸಿ. ಕಡಿಮೆ ದೊಡ್ಡದು ಮಾಡುವ ಐಪೀಸ್ ಹಾಕಿ. ಫಿಲ್ಟರನ್ನು ಕಣ್ಣು ಮತ್ತು ಐಪೀಸ್ ನಡುವೆ ಹಿಡಿದು ಆಚೆ ಈಚೆ ಸರಿಸಿ. ಅಡ್ಡ ಬಂದಾಗ ರೆಕ್ಕೆ ಹರಡಿದಂಗೆ ಅಗಲವಾಗಿ ಕಂಡರೆ ಫಿಲ್ಟರ್ ಕೆಲಸ ಮಾಡ್ತಿದೆ ಅಂತ. ಫೋಟೋದ ಕೆಂಪು ಮಾತ್ರ ನಿರೀಕ್ಷಿಸಬೇಡಿ. ರಾತ್ರಿ ಕಣ್ಣಿಗೆ ಆ ಕೆಂಪು ಕಾಣಲ್ಲ. ಬೂದು, ಇಲ್ಲಾ ತಿಳಿಹಸಿರು ಅಷ್ಟೆ.

ಖರ್ಚಿಲ್ಲದ ಫಿಲ್ಟರ್

ಅಂಗಡಿ ಬೋರ್ಡಿನ ದೀಪ ಕೆಳಗಿನಿಂದ ಮೇಲಕ್ಕೆ ಬಿದ್ದರೆ ಅರ್ಧ ಬೆಳಕು ಆಕಾಶಕ್ಕೇ ಹೋಗುತ್ತೆ. ಅದೇ ದೀಪವನ್ನು ಮೇಲೆ ಕೂರಿಸಿ ಕೆಳಮುಖ ಮಾಡಿದರೆ ಬೋರ್ಡೂ ಕಾಣುತ್ತೆ, ಆಕಾಶವೂ ಉಳಿಯುತ್ತೆ. ಷಟರ್ ಎಳೆದ ಮೇಲೆ ಬೋರ್ಡ್ ಲೈಟ್ ಆರಿಸಿದರೆ ಕರೆಂಟ್ ಬಿಲ್ಲೂ ಇಳಿಯುತ್ತೆ. ಫಿಲ್ಟರ್‌ನಿಂದ ಆಗದ ಕೆಲಸವೂ ಇದರಿಂದ ಆಗುತ್ತೆ: ಗೆಲಾಕ್ಸಿ, ನಕ್ಷತ್ರ ಗುಚ್ಛವೂ ಕಾಣುತ್ತೆ, ಟೆಲಿಸ್ಕೋಪ್ ಇಲ್ಲದವರಿಗೂ ನಾಲ್ಕು ಚುಕ್ಕಿ ಹೆಚ್ಚು ಕಾಣುತ್ತೆ.