ಕುಂಡದ ಬಾಳೆ: ನಂಬಿದ್ದೆಷ್ಟು, ನಿಜವೆಷ್ಟು?

ತಾರಸಿ ತೋಟದ ಮಾತು ಬಂದರೆ ಮೆಂತ್ಯ, ಪುದೀನ, ಟೊಮೆಟೊ ತನಕ ಎಲ್ಲರೂ ಧೈರ್ಯವಂತರೇ. ಬಾಳೆ ಎಂದ ಕೂಡಲೇ ಎರಡು ಪಂಗಡವಾಗುತ್ತದೆ. ‘ಅದು ಮರ ಕಣ್ರೀ, ಕುಂಡದಲ್ಲಿ ಎಲ್ಲಾದರೂ ಬರುತ್ತಾ?’ ಎನ್ನುವವರು ಒಂದು ಕಡೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಬಣ್ಣದ ಡಬ್ಬದಲ್ಲಿ ಕಂದು ನೆಟ್ಟು, ಆರೇ ತಿಂಗಳಿಗೆ ಗೊನೆ ಕಾಯುವವರು ಇನ್ನೊಂದು ಕಡೆ. ಇಬ್ಬರ ಲೆಕ್ಕವೂ ತಪ್ಪು.

ಬಾಳೆ ಮರವಲ್ಲ, ದೈತ್ಯಾಕಾರದ ಮೂಲಿಕೆ. ಕಾಂಡ ಎಂದು ನಾವು ತಿಳಿಯುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಪದರ. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಹೂ ಬಿಡುವ ಹೊತ್ತಿಗೆ ಆ ಗಡ್ಡೆಯಿಂದ ಎದ್ದು ಪದರಗಳ ನಡುವೆ ಹಾದು ಬರುವುದೇ ನಾವು ಪಲ್ಯ ಮಾಡುವ ದಿಂಡು. ಬೇರುಗಳು ಹಗ್ಗದಂತೆ ತೆಳ್ಳಗೆ, ಬಹುಪಾಲು ಮೇಲಿನ ಒಂದೂವರೆ ಅಡಿಯಲ್ಲೇ ಹರಡಿರುತ್ತವೆ. ಹಾಗಾಗಿ ಬಾಳೆಗೆ ಆಳದ ಕುಂಡಕ್ಕಿಂತ ಅಗಲದ ಕುಂಡ ಮುಖ್ಯ. ‘ಬೇರು ತಾರಸಿ ಸೀಳುತ್ತದೆ’ ಎಂಬ ಭಯಕ್ಕೂ ಬುಡವಿಲ್ಲ. ಹೆಚ್ಚೆಂದರೆ, ಉಬ್ಬುವ ಗಡ್ಡೆ ಮತ್ತು ಕಂದುಗಳ ಒತ್ತಡಕ್ಕೆ ಕುಂಡ ಬಿರಿಯಬಹುದು.

ಭಯಪಡಬೇಕಾದ್ದು ಭಾರಕ್ಕೆ. 200 ಲೀಟರಿನ ನೀಲಿ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದರೆ ಒಂದು ಬಾಳೆಗೆ ಹದವಾದ ಕುಂಡ ಸಿಗುತ್ತದೆ. ಆದರೆ ಅದರ ತುಂಬ ಬರೀ ತೋಟದ ಮಣ್ಣು ಹಾಕಿ ನೀರುಣಿಸಿದರೆ ತೂಕ 150 ಕಿಲೊ ಮುಟ್ಟುತ್ತದೆ, ದಾಟಲೂಬಹುದು. ಮಣ್ಣು, ಕೊಳೆತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದರೆ ಭಾರ ಇಳಿಯುತ್ತದೆ. ಡ್ರಮ್ಮನ್ನು ತಾರಸಿಯ ನಡುವೆ ಇಡಬೇಡಿ, ತೊಲೆ ಅಥವಾ ಗೋಡೆ ಹಾದುಹೋಗುವ ಜಾಗದ ಮೇಲಿಡಿ. ಅಡಿಗೆ ಇಟ್ಟಿಗೆ ಕೊಟ್ಟು, ನೀರು ಹರಿದು ನೆಲ ಒಣಗುವಂತೆ ನೋಡಿಕೊಳ್ಳಿ. ತಾರಸಿ ಸೋರುವುದು ನಿಂತ ನೀರಿನಿಂದ.

‘ಬಾಳೆಗೆ ನೀರು ಎಷ್ಟಿದ್ದರೂ ಸಾಲದು’ ಎಂಬುದು ಅರ್ಧ ಸತ್ಯ. ಅಗಲ ಎಲೆ ಬಹಳ ನೀರು ಆವಿ ಮಾಡುತ್ತದೆ, ಬೇಸಿಗೆಯಲ್ಲಿ ದಿನಾ ಹಾಕಬೇಕಾದೀತು. ಆದರೆ ಬೇರಿಗೆ ಗಾಳಿಯೂ ಬೇಕು. ಕುಂಡದ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸಿದರೆ ಬೇರು ಕೊಳೆಯುತ್ತದೆ, ಡೆಂಗಿ ಸೊಳ್ಳೆಗೂ ಮನೆ ಕಟ್ಟಿಕೊಟ್ಟಂತಾಗುತ್ತದೆ.

ಆನ್‌ಲೈನ್‌ನಲ್ಲಿ ‘ಕುಬ್ಜ ಬಾಳೆ ಬೀಜ’ದ ಪೊಟ್ಟಣ ಮಾರುವವರಿದ್ದಾರೆ. ನಾವು ತಿನ್ನುವ ಬಾಳೆಗೆ ಬೀಜವೇ ಇಲ್ಲ. ಹಣ್ಣಿನೊಳಗಿನ ಕಪ್ಪು ಚುಕ್ಕಿಗಳು ಬಲಿಯದೆ ಉಳಿದ ಬೀಜಾಂಡಗಳು, ಅವು ಮೊಳೆಯವು. ಪೊಟ್ಟಣದಲ್ಲಿ ನಿಜಕ್ಕೂ ಬಾಳೆಯ ಬೀಜವಿದ್ದರೆ ಅದು ಯಾವುದೋ ಕಾಡುಬಾಳೆಯದು. ನಮ್ಮ ಪಶ್ಚಿಮ ಘಟ್ಟದ ಕಲ್ಲುಬಾಳೆಯೂ ಬಾಳೆಯ ಕುಟುಂಬದ್ದೇ. ಅದು ಕಂದು ಹಾಕದು, ಬೀಜದಿಂದಲೇ ಹುಟ್ಟುತ್ತದೆ, ಹಣ್ಣಿನ ತುಂಬ ಕಲ್ಲಿನಂಥ ಬೀಜ. ನೋಡಲು ಚೆಂದ, ತಿನ್ನಲು ಅಲ್ಲ.

ಹಾಗಾದರೆ ಕಂದು ನೆಡಬೇಕೋ ಅಂಗಾಂಶ ಕೃಷಿಯ ಸಸಿಯೋ? ‘ಟಿಶ್ಯೂ ಕಲ್ಚರ್ ಎಂದರೆ ಕುಲಾಂತರಿ, ರಾಸಾಯನಿಕದ ಗಿಡ’ ಎಂಬ ಅನುಮಾನ ಓದಿದವರಲ್ಲೂ ಇದೆ. ಅದು ತಪ್ಪು. ತಾಯಿಗಿಡದ ಬೆಳೆಯುವ ತುದಿಯ ಚೂರನ್ನು ಪ್ರಯೋಗಾಲಯದಲ್ಲಿ ಸಸಿ ಮಾಡುತ್ತಾರೆ, ಅಷ್ಟೆ. ಬೇರೆ ಜೀವಿಯ ಗುಣಾಣು ಸೇರಿಸುವುದಿಲ್ಲ. ಗಡ್ಡೆಯಿಂದ ಕಂದು ಒಡೆಯುವುದೂ ತಾಯಿಯ ನಕಲೇ ಅಲ್ಲವೆ? ಗುರುತಿಲ್ಲದ ತೋಟದ ಕಂದಿನ ಜೊತೆ ಮನೆಗೆ ಬರುವ ಅತಿಥಿಗಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಗಡ್ಡೆ ಕೊರೆಯುವ ಮೂತಿಹುಳ, ಬೇರಿನ ಜಂತುಹುಳ, ಎಲೆಗಳನ್ನು ಗಿಡ್ಡ ಮಾಡಿ ತುದಿಯಲ್ಲಿ ಗೊಂಚಲುಗಟ್ಟಿಸುವ ‘ಬಂಚಿ ಟಾಪ್’ ನಂಜು, ಎಲ್ಲಕ್ಕಿಂತ ಕೆಟ್ಟದಾಗಿ ಪನಾಮಾ ಸೊರಗು ರೋಗ. ನಂಜನಗೂಡು ರಸಬಾಳೆಯನ್ನು ಅದರ ಊರಿನಲ್ಲೇ ಅಪರೂಪ ಮಾಡಿದ್ದು ಈ ಸೊರಗು ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕುಂಡದ ದೊಡ್ಡ ಅನುಕೂಲ ಇಲ್ಲಿದೆ: ರೋಗವಿಲ್ಲದ ಮಣ್ಣನ್ನು ನೀವೇ ಆರಿಸಬಹುದು, ಕೆಟ್ಟರೆ ಬದಲಿಸಬಹುದು. ರೈತನಿಗೆ ಆ ಭಾಗ್ಯವಿಲ್ಲ. ಕಂದನ್ನೇ ನೆಡುವುದಾದರೆ ಆರೋಗ್ಯವಂತ ತಾಯಿಯದು, ಕತ್ತಿಯಂತೆ ಕಿರಿದಾದ ಎಲೆಯದು ಆರಿಸಿ. ಚಿಕ್ಕದಿದ್ದಾಗಲೇ ಅಗಲ ಎಲೆ ಬಿಟ್ಟ ನೀರುಗಂದು ದುರ್ಬಲ.

ತಳಿಯ ವಿಷಯದಲ್ಲಿ ಆಸೆಗಿಂತ ಎತ್ತರ ನೋಡಿ. ಏಲಕ್ಕಿ, ರಸಬಾಳೆ ರುಚಿಯಲ್ಲಿ ಮೇಲು. ಆದರೆ ಹತ್ತಡಿ ಏರಿ ಗೊನೆ ಹೊತ್ತ ಗಿಡ ತಾರಸಿಯ ಗಾಳಿಗೆ ಊರುಗೋಲಿಲ್ಲದೆ ನಿಲ್ಲದು. ಐದಾರು ಅಡಿಗೆ ನಿಲ್ಲುವ ಗಿಡ್ಡ ಕ್ಯಾವೆಂಡಿಷ್ ಕುಂಡಕ್ಕೆ ಹೇಳಿಮಾಡಿಸಿದ್ದು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಬಂಗಲೆಯ ಗಾಜಿನ ಮನೆಯಲ್ಲಿ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1835ರಲ್ಲಿ ಹೂ ಬಿಡಿಸಿದ್ದು ಇದನ್ನೇ. ಕ್ಯಾವೆಂಡಿಷ್ ಎಂಬುದು ಆ ಬಂಗಲೆಯ ಒಡೆಯರ ಮನೆತನದ ಹೆಸರು. ಆ ಚಳಿನಾಡಿನಲ್ಲಿ ಸೂರಿನಡಿ ಆದದ್ದು ನಮ್ಮ ಬಿಸಿಲಿನಲ್ಲಿ ಆಗದೆ ಏನು?

ಇನ್ನು ಎಲ್ಲರ ಬಾಯಲ್ಲೂ ಇರುವ ಸಿಪ್ಪೆ ನೀರು. ಬಾಳೆಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ನಿಜ. ಆದರೆ ಎಷ್ಟು? ಒಂದು ಸಿಪ್ಪೆಗೆ ಅರ್ಧ ಗ್ರಾಂ ಆಸುಪಾಸು. ಹೊಲದಲ್ಲಿ ಒಂದು ಬಾಳೆಗೆ ಒಂದು ಬೆಳೆಗೆ ಶಿಫಾರಸಾಗುವ ಪೊಟ್ಯಾಷ್ 200ರಿಂದ 300 ಗ್ರಾಂ. ಅಂದರೆ ನಾನೂರರಿಂದ ಆರುನೂರು ಸಿಪ್ಪೆ! ಅದರಲ್ಲಿ ಸಾರಜನಕ ತೀರಾ ಕಡಿಮೆ ಬೇರೆ. ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕಿ, ಗಿಡಕ್ಕೆ ಕೊಟ್ಟಿಗೆ ಗೊಬ್ಬರ, ಹಿಂಡಿ, ಮರದ ಬೂದಿ ಅಥವಾ ಸ್ವಲ್ಪ ಪೊಟ್ಯಾಷ್ ಗೊಬ್ಬರವನ್ನು ಕಂತುಕಂತಾಗಿ ಕೊಡಿ.

ಕೊಡುವುದಾದರೆ ಬೇಗ ಕೊಡಿ. ಗೊನೆ ಹೊರಬಂದ ಮೇಲೆ ಗೊಬ್ಬರ ಸುರಿಯುವವರೇ ಹೆಚ್ಚು. ಗೊನೆಯಲ್ಲಿ ಎಷ್ಟು ಚಿಪ್ಪು ಎಂಬುದು ಅದು ಹೊರಗೆ ಇಣುಕುವ ಮೊದಲೇ ಒಳಗೆ ನಿಶ್ಚಯವಾಗಿರುತ್ತದೆ. ಆಮೇಲೆ ಕೊಟ್ಟದ್ದು ಕಾಯಿ ದಪ್ಪವಾಗಲು ಮಾತ್ರ. ಬಾಳೆ ಹೂ ಬಿಡಲು ಯುಗಾದಿ, ದೀಪಾವಳಿ ನೋಡುವುದಿಲ್ಲ. ಮೂವತ್ತು ನಲವತ್ತು ಎಲೆ ಹಾಕಿದ ಮೇಲೆ ಹೂ. ಕುಂಡದಲ್ಲಿ ಅದಕ್ಕೆ ವರ್ಷ ದಾಟುತ್ತದೆ, ಗೊನೆಯೂ ಹೊಲದ್ದಕ್ಕಿಂತ ಚಿಕ್ಕದು. ‘ಕಂದು ಹೆಚ್ಚಿದ್ದರೆ ಗೊನೆ ಹೆಚ್ಚು’ ಎಂದು ಎಲ್ಲವನ್ನೂ ಉಳಿಸಿಕೊಂಡರೆ ಅದೂ ಇಲ್ಲ. ಒಂದು ಕುಂಡಕ್ಕೆ ತಾಯಿ ಮತ್ತು ಒಂದೇ ಮರಿ. ಫಲ ಕೊಟ್ಟ ತಾಯಿಯನ್ನು ಕಡಿದರೆ ಮರಿ ಮುಂದುವರಿಯುತ್ತದೆ.

ಗಾಳಿಗೆ ಎಲೆ ಸೀಳಿದರೆ ರೋಗವೆಂದು ಔಷಧ ಹೊಡೆಯಬೇಡಿ. ಸೀಳುವುದು ಅದರ ಸ್ವಭಾವ. ಊಟಕ್ಕೆ ಇಡೀ ಎಲೆ ಬೇಕಿದ್ದರೆ ಗೋಡೆಯ ಮರೆ ಕೊಡಿ. ಬೆಚ್ಚಗಿನ ತಿಂಗಳುಗಳಲ್ಲಿ ವಾರ ಹತ್ತು ದಿನಕ್ಕೊಂದು ಹೊಸ ಎಲೆ ಬರುತ್ತದೆ. ಹೂ ಬಂದ ಮೇಲೆ ಹೊಸ ಎಲೆ ಬಾರದು. ಆಗ ಗಿಡದಲ್ಲಿ ಎಂಟಾದರೂ ಎಲೆ ಉಳಿದಿದ್ದರೆ ಕಾಯಿ ತುಂಬುತ್ತದೆ.

ಗೊನೆಯೊಂದೇ ಗುರಿಯಾದರೆ, ಅಂಗಡಿಯ ದರದ ಮುಂದೆ ಡ್ರಮ್ಮು, ಮಣ್ಣು, ವರ್ಷದ ನೀರಿನ ಲೆಕ್ಕ ಹೊಂದದು. ಆ ಜಾಗದಲ್ಲಿ ತರಕಾರಿ ಬೆಳೆಯಿರಿ. ಗೌರಿ ಹಬ್ಬದ ಹಿಂದಿನ ದಿನ ಬಾಳೆ ಎಲೆಗೆ ಮಾರುಕಟ್ಟೆ ಅಲೆಯುವ ಮನೆಯಾದರೆ, ಒಂದಲ್ಲ, ಎರಡು ಕುಂಡ ಇಡಿ.