ತಡವಾಗಿ ಬಂದ ಸಾಕ್ಷ್ಯ

ಕದರಮಂಡಲಗಿಯ ಕಾಂತೇಶನ ಗುಡಿಗೆ ಜವಳ ತೆಗೆಸಲು ಕೂಸನ್ನು ತಂದಾಗ, "ಮೂಗು ಅಜ್ಜನದು, ಹಣೆ ತಾಯಿಯದು" ಎಂದು ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ಮನೆಯ ಮಾತಿಗೆ ಇಷ್ಟು ಸಾಕು, ನ್ಯಾಯಾಲಯಕ್ಕೆ ಸಾಲದು.

2020ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಹೆರಿಗೆ ಆಸ್ಪತ್ರೆಯಿಂದ ನವಜಾತ ಶಿಶುವೊಂದು ಕಳುವಾಯಿತು. ಸುಮಾರು ಒಂದು ವರ್ಷದ ಬಳಿಕ ಅದು ಪತ್ತೆಯಾದಾಗ ಕೊಪ್ಪಳದ ಮಹಿಳೆಯೊಬ್ಬರ ಮಡಿಲಲ್ಲಿ ಬೆಳೆಯುತ್ತಿತ್ತು. ವರ್ಷ ತುಂಬಿದ ಮಗುವಿನ ಮುಖ ಹುಟ್ಟಿದ ದಿನದ ಮುಖವಲ್ಲ. ಹೆತ್ತವರಾರೆಂಬುದನ್ನು ಡಿ.ಎನ್.ಎ. ಪರೀಕ್ಷೆ ದೃಢಪಡಿಸಿತು.

ಈ ಪರೀಕ್ಷೆಯ ತರ್ಕವನ್ನು ಪರಿಶೀಲಿಸೋಣ. ನಮ್ಮ ವರ್ಣತಂತುಗಳ ಕೆಲವು ಸ್ಥಾನಗಳಲ್ಲಿ ಒಂದು ಸಣ್ಣ ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಪ್ರತಿ ಸ್ಥಾನಕ್ಕೂ ಎರಡು ಸಂಖ್ಯೆಗಳು. ಒಂದು ತಾಯಿಯ ಕಡೆಯದು, ಇನ್ನೊಂದು ತಂದೆಯ ಕಡೆಯದು. ಮಗುವಿನಲ್ಲಿ 12 ಮತ್ತು 15, ತಾಯಿಯಲ್ಲಿ 12 ಮತ್ತು 14 ಇದ್ದರೆ, 15 ತಂದೆಯಿಂದಲೇ ಬಂದಿರಬೇಕು. ಅಂತಹ ಹಲವು ಸ್ಥಾನಗಳಲ್ಲಿ ಹೊಂದಿಕೆ ತಪ್ಪಿದರೆ ಆ ವ್ಯಕ್ತಿ ತಂದೆಯಲ್ಲ. ಒಂದೇ ಕಡೆ ತಪ್ಪಿದರೆ ಅವಸರದ ತೀರ್ಮಾನ ಸಲ್ಲದು. ಪ್ರಕೃತಿಯೂ ಆಗಾಗ ನಕಲು ಮಾಡುವಾಗ ಎಡವುತ್ತದೆ. ಎಲ್ಲ ಕಡೆಯೂ ಹೊಂದಿದರೆ? ಸಂಬಂಧವಿಲ್ಲದವನೊಬ್ಬ ಒಂದು ಸ್ಥಾನದಲ್ಲಿ ಆಕಸ್ಮಿಕವಾಗಿ ಹೊಂದುವ ಸಂಭವ ಐದರಲ್ಲಿ ಒಂದೆಂದು ಊಹಿಸಿರಿ. ಪರಸ್ಪರ ಸ್ವತಂತ್ರವಾದ ಹದಿನೈದು ಸ್ಥಾನಗಳಲ್ಲಿ ಹೊಂದುವ ಸಂಭವ ಮೂರು ಸಾವಿರ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ವಾಚಕರು ಐದನ್ನು ಹದಿನೈದು ಸಲ ಗುಣಿಸಿ ನೋಡಬಹುದು.

ಆದರೆ ಇಂತಹ ಸಾಕ್ಷ್ಯ ತೀರ್ಪಿನ ನಂತರ ದೊರೆತರೆ? ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಎಡೆಯಿಲ್ಲ. ಇಲ್ಲವಾದರೆ ವ್ಯಾಜ್ಯಗಳಿಗೆ ಕೊನೆಯೇ ಇರದು. ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ 27ನೆಯ ನಿಯಮ ಕಿರುಬಾಗಿಲೊಂದನ್ನು ತೆರೆದಿಟ್ಟಿದೆ. ಕೆಳನ್ಯಾಯಾಲಯ ಸಾಕ್ಷ್ಯವನ್ನು ತಪ್ಪಾಗಿ ನಿರಾಕರಿಸಿದ್ದರೆ, ತಕ್ಕ ಎಚ್ಚರ ವಹಿಸಿದರೂ ಅದು ಮೊದಲು ಕೈಗೆಟುಕದಿದ್ದರೆ, ಅಥವಾ ತೀರ್ಪು ನೀಡಲು ಮೇಲಿನ ನ್ಯಾಯಾಲಯಕ್ಕೇ ಬೇಕೆನಿಸಿದರೆ ಅದನ್ನು ಸ್ವೀಕರಿಸಬಹುದು. ಈ ಬಾಗಿಲು ಇನ್ನಷ್ಟು ಕಿರಿದಾಗಿರಬೇಕೆನ್ನುವವರ ವಾದವನ್ನು ನಾವು ಒಪ್ಪಲಾರೆವು. ಸಾಲದ ಪತ್ರ ಕಾಯಬಲ್ಲದು. ಮಗು ಪ್ರತಿದಿನವೂ ಬೆಳೆಯುತ್ತದೆ.

ನೆರೆಯ ಕೇರಳದಲ್ಲಿ 2021ರಲ್ಲಿ ಇದೇ ಸಂಕಟ ಎದುರಾಯಿತು. ತನ್ನ ಒಪ್ಪಿಗೆಯಿಲ್ಲದೆ ಕೂಸನ್ನು ದತ್ತು ಕೊಡಲಾಗಿದೆಯೆಂದು ತಾಯಿ ಮೊರೆಯಿಟ್ಟಳು. ಅಷ್ಟರಲ್ಲಿ ಮಗು ದತ್ತುಪೂರ್ವ ಪಾಲನೆಗಾಗಿ ಆಂಧ್ರಪ್ರದೇಶದ ದಂಪತಿಗಳ ಮನೆ ಸೇರಿತ್ತು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ಪರೀಕ್ಷೆ ಆಕೆಯ ಮಾತನ್ನು ಸಮರ್ಥಿಸಿತು. ನವೆಂಬರಿನಲ್ಲಿ ಕುಟುಂಬ ನ್ಯಾಯಾಲಯ ಮಗುವನ್ನು ಆಕೆಗೆ ಒಪ್ಪಿಸಿತು.

ಕೊಪ್ಪಳದ ಪ್ರಕರಣ ಅದೇ ವರ್ಷ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಬಂತು. ಸಾಕಿದಾಕೆಯ ಪರವಾಗಿ ದೇವಕಿ–ಯಶೋದೆಯರ ಪ್ರಸಂಗವನ್ನು ಮುಂದಿಡಲಾಯಿತು. ಹೆತ್ತಾಕೆಗೆ ಬೇರೆ ಮಕ್ಕಳಿವೆ, ತನಗಿಲ್ಲ ಎಂಬುದೂ ಆಕೆಯ ಅಳಲಾಗಿತ್ತು. ಮಕ್ಕಳು ಹಂಚಿಕೊಳ್ಳುವ ಸೊತ್ತಲ್ಲವೆಂದು ನ್ಯಾಯಾಲಯ ಹೆತ್ತವರ ಹಕ್ಕನ್ನು ಎತ್ತಿಹಿಡಿಯಿತು. ಸಾಕಿದಾಕೆ ಮಗುವನ್ನು ಒಪ್ಪಿಸಿದಳು. ಮನಸ್ಸಾದಾಗಲೆಲ್ಲ ಬಂದು ನೋಡಬಹುದೆಂದು ಹೆತ್ತಾಕೆ ಹೇಳಿದಳು.