ಮೊಣಕೈ ನೋವಿಗೆ ಮಣಿಕಟ್ಟಿನ ಮದ್ದು

ಒದ್ದೆ ಬಟ್ಟೆ ಹಿಂಡುವಾಗ, ತುಂಬಿದ ಪಾತ್ರೆ ಎತ್ತುವಾಗ, ಕೈಕುಲುಕುವಾಗ ಮೊಣಕೈಯ ಹೊರಬದಿಯಲ್ಲಿ ಚಳುಕು ಹೊಡೆಯುತ್ತದೆಯೇ? ಅದು ‘ಟೆನಿಸ್ ಎಲ್ಬೋ’ ಇರಬಹುದು. 2004ರಲ್ಲಿ ಸಚಿನ್ ತೆಂಡೂಲ್ಕರ್ ಇದರಿಂದ ಬಳಲಿ, ಮರುವರ್ಷ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಈ ಹೆಸರು ಕ್ರಿಕೆಟ್ ಅಭಿಮಾನಿಗಳ ಬಾಯಲ್ಲೆಲ್ಲ ಓಡಾಡಿತು. ಆದರೆ ಈ ನೋವಿಗೆ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಆಟಗಾರರಲ್ಲ. ಬಡಗಿಗಳು, ಗಾರೆ ಕೆಲಸದವರು, ಬಣ್ಣ ಬಳಿಯುವವರು, ಅಡುಗೆಯವರು. 35ರಿಂದ 55ರ ವಯಸ್ಸಿನಲ್ಲಿ ಇದು ಹೆಚ್ಚು.

ನೋವು ಮೊಣಕೈಯಲ್ಲಿ, ಅದರ ಮೂಲ ಮಾತ್ರ ಮಣಿಕಟ್ಟಿನ ದುಡಿಮೆಯಲ್ಲಿ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಕೆಳಗೆ ಬಾಗದಂತೆ ಮುಂಗೈಯ ಹಿಂಬದಿಯ ಸ್ನಾಯುಗಳು ಎಳೆದು ನಿಲ್ಲಿಸುತ್ತವೆ. ಅವುಗಳ ಬುಡ ಮೊಣಕೈಯ ಹೊರಗಿನ ಮೂಳೆಯುಬ್ಬಿಗೆ ಅಂಟಿಕೊಂಡಿದೆ. ಎಳೆತ ಮತ್ತೆ ಮತ್ತೆ ಬಿದ್ದು, ದುರಸ್ತಿಗೆ ಬಿಡುವು ಸಿಗದಿದ್ದರೆ ಅಲ್ಲಿ ಸ್ನಾಯುವನ್ನು ಮೂಳೆಗೆ ಬೆಸೆಯುವ ಟೆಂಡನ್ ಸವೆಯುತ್ತದೆ. ಇದನ್ನು ಬಹುಕಾಲ ಉರಿಯೂತ ಎಂದೇ ತಿಳಿಯಲಾಗಿತ್ತು. ಅಮೆರಿಕದ ಶಸ್ತ್ರವೈದ್ಯರಾದ ನರ್ಶಲ್ ಮತ್ತು ಪೆಟ್ರೋನ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು: ಅಡ್ಡಾದಿಡ್ಡಿಯಾದ ನಾರುಗಳು, ಅವುಗಳ ನಡುವೆ ಹೊಸದಾಗಿ ಹುಟ್ಟಿದ ರಕ್ತನಾಳಗಳು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೊಣಕೈ ನೇರವಾಗಿಟ್ಟು, ಅಂಗೈ ಕೆಳಮುಖ ಮಾಡಿ ಮುಷ್ಟಿ ಕಟ್ಟಿ. ಮುಷ್ಟಿಯನ್ನು ಮೇಲೆತ್ತುವಾಗ ಇನ್ನೊಬ್ಬರು ಕೆಳಗೆ ಒತ್ತಲಿ. ಮೊಣಕೈಯ ಹೊರಬದಿಯಲ್ಲಿ ನೋವಾದರೆ ಅನುಮಾನ ಬಲವಾಗುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ ಕುತ್ತಿಗೆಯ ನರ ಕಾರಣವಿರಬಹುದು. ಬಿದ್ದ ನಂತರ ಶುರುವಾದ ನೋವು, ಊತ, ಜ್ವರ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಟೆಂಡನ್ ಸವೆದಿದೆ ಎಂದಮೇಲೆ ಅದನ್ನು ಮತ್ತೆ ಗಟ್ಟಿ ಮಾಡುವುದೇ ಚಿಕಿತ್ಸೆಯ ತಿರುಳು. ಕೈಯನ್ನು ಪೂರ್ತಿ ಕಟ್ಟಿಹಾಕುವುದು ಬೇಡ. ನೋವು ತರುವ ಕೆಲಸ ಕಡಿಮೆ ಮಾಡಿ, ಭಾರವನ್ನು ಅಂಗೈ ಮೇಲ್ಮುಖವಾಗಿಟ್ಟು ಎತ್ತಿ. ನೋವಿನ ಜೆಲ್, ಮೊಣಕೈಯ ಕೆಳಗೆ ಕಟ್ಟುವ ಪಟ್ಟಿ ತಾತ್ಕಾಲಿಕ ನೆರವು. ಮುಖ್ಯವಾದದ್ದು ವ್ಯಾಯಾಮ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಮಣಿಕಟ್ಟು ಅಂಚಿನಾಚೆ ಇರಲಿ. ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟು ಮೇಲೆತ್ತಿ. ಇಳಿಸುವಾಗ ಸಹಾಯವಿಲ್ಲದೆ ನಿಧಾನವಾಗಿ ಇಳಿಸಿ. ಸ್ವಲ್ಪ ನೋವು ಸಹಜ. ಮರುದಿನ ಹೆಚ್ಚಾದರೆ ಭಾರ ತಗ್ಗಿಸಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು.

ಸ್ಟಿರಾಯ್ಡ್ ಇಂಜೆಕ್ಷನ್ ಬೇಗ ಹಿತ ಕೊಡುತ್ತದೆ, ನಿಜ. ಆದರೆ ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರನೇ ವಾರಕ್ಕೆ ಮುಂದಿದ್ದ ಇಂಜೆಕ್ಷನ್ ಗುಂಪು ಆಮೇಲೆ ಹಿಂದೆ ಬಿತ್ತು. ನೋವು ಮರುಕಳಿಸಿದ್ದೂ ಅವರಲ್ಲೇ ಹೆಚ್ಚು.

ಬಹುಪಾಲು ಜನರಿಗೆ ವರ್ಷದೊಳಗೆ ಗುಣವಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗಷ್ಟೇ. ಹಾಗಾಗಿ ಸೂಜಿಗೆ ಅವಸರಪಡುವ ಮುನ್ನ ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಕಲಿತು, ಮೂರು ತಿಂಗಳು ತಪ್ಪದೆ ಮಾಡಿ ನೋಡಿ.